ಕಡಲ ಸ್ಲಗ್: ಬಣ್ಣ ಒಂದೇ ಸಾಲದು

ಪ್ರಶ್ನೆ: ತಣ್ಣನೆಯ ಕಡಲಲ್ಲಿ ಬಣ್ಣಬಣ್ಣದ ಸ್ಲಗ್, ಅಂದರೆ ಚಿಪ್ಪಿಲ್ಲದ ಬಸವನಹುಳು, ಸಿಕ್ಕಿದರೆ ಅದು ಹೊಸ ಪ್ರಭೇದವೆಂದು ಗೊತ್ತಾಗುವುದು ಹೇಗೆ? ಬಣ್ಣ ನೋಡಿದರೆ ಸಾಲದೆ?

ಉತ್ತರ: ಸಾಲದು. ಇಂಗ್ಲೆಂಡಿನ ಕಾರ್ನ್‌ವಾಲ್‌ನ ಹೆಸರು ಹೊತ್ತ ಪಾಲಿಸೆರಾ ಕರ್ನೊವೆನ್ಸಿಸ್ ಅನ್ನೇ ನೋಡಿ. 2021ರಲ್ಲಿ ಹೊಸ ಪ್ರಭೇದವೆಂದು ವಿವರಿಸುವವರೆಗೆ ಈ ಸ್ಲಗ್ ಅನ್ನು ಹತ್ತಿರದ ಬಂಧು ಪ್ರಭೇದಗಳ ಲೆಕ್ಕಕ್ಕೇ ಸೇರಿಸಿದ್ದರು. ಗುಟ್ಟು ಬಿಟ್ಟುಕೊಟ್ಟಿದ್ದು ಡಿಎನ್‌ಎ ಮತ್ತು ಅಂಗರಚನೆ.

ಹಾಗೆಂದು ಬಣ್ಣವನ್ನು ಕಡೆಗಣಿಸುವಂತಿಲ್ಲ. ಆಲ್ಕೋಹಾಲಿಗೆ ಬಿದ್ದರೆ ಅದು ಮಾಸಿಹೋಗುತ್ತದೆ, ಆದ್ದರಿಂದ ಜೀವಂತವಿದ್ದಾಗಲೇ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಬೇಕು. ನೇರವಾಗಿ ಆಲ್ಕೋಹಾಲಿಗೆ ಹಾಕಿದರೆ ಪ್ರಾಣಿ ಮುದುಡಿ, ಕೊಂಬು, ಕಿವಿರು ಎರಡೂ ಒಳಸೇರಿ ಉಂಡೆಯಾಗುತ್ತದೆ! ಮೊದಲು ಸುಮಾರು 7% ಮೆಗ್ನೀಸಿಯಂ ಕ್ಲೋರೈಡ್ ದ್ರಾವಣದಲ್ಲಿ ಸಡಿಲಗೊಳಿಸಿ. ಡಿಎನ್‌ಎ ಪರೀಕ್ಷೆಗೆಂದು ಪಾದದ ಅಂಚಿನ ಚೂರೊಂದನ್ನು 96% ಎಥನಾಲ್‌ಗೆ ಹಾಕಿಡಿ. ಫಾರ್ಮಲಿನ್ ಅಂಗಗಳನ್ನು ಗಟ್ಟಿಮಾಡಿ ಕೊಯ್ದು ನೋಡಲು ಅನುಕೂಲ ಮಾಡುತ್ತದೆ ನಿಜ, ಆದರೆ ಡಿಎನ್‌ಎಯನ್ನು ಹಾಳುಗೆಡವುತ್ತದೆ.

ನಂತರ ಬಾಯೊಳಗಿನ ರ‍್ಯಾಡ್ಯುಲಾ. ಅರದಂಥ ಈ ನಾಲಿಗೆಯನ್ನು 10% ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿಟ್ಟರೆ ಮಾಂಸ ಕರಗಿ ಕೈಟಿನ್‌ನ ಹಲ್ಲುಸಾಲು ಉಳಿಯುತ್ತದೆ. ಅದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಪ್ರಭೇದ ಗುರುತಿಸಲು ಬಳಸುವ ಸಿಒಐ ಎಂಬ ಜೀನಿನ ಸುಮಾರು 650 ಡಿಎನ್‌ಎ ಅಕ್ಷರಗಳನ್ನು ಹತ್ತಿರದ ಬಂಧುಗಳೊಂದಿಗೆ ಹೋಲಿಸುತ್ತಾರೆ. ಕೊನೆಗೆ ಒಂದು ಮಾದರಿಯನ್ನು ಹೋಲೊಟೈಪ್, ಅಂದರೆ ಹೆಸರಿಗೆ ಆಧಾರವಾದ ಮೂಲ ಮಾದರಿ, ಎಂದು ಗೊತ್ತುಮಾಡಿ, ಸಾಮಾನ್ಯವಾಗಿ ವಸ್ತುಸಂಗ್ರಹಾಲಯದಲ್ಲಿ ಇರಿಸಿ, ವಿವರಣೆ ಪ್ರಕಟಿಸಬೇಕು. ಆಗಲೇ ಹೆಸರಿಗೆ ಮಾನ್ಯತೆ.