ಪೇಟಿಯ ಹಾಡನ್ನು ಟೈಮ್ ಕೋಡ್‌ಗೆ ಕಟ್ಟಬೇಡಿ

ನಾಟಕದ ಲೈಟುಗಳನ್ನೆಲ್ಲ ಟೈಮ್ ಕೋಡ್‌ಗೆ, ಅಂದರೆ ಸಮಯ ಎಷ್ಟಾಯಿತೆಂದು ಒಂದು ಯಂತ್ರ ಇನ್ನೊಂದಕ್ಕೆ ಹೇಳುತ್ತಲೇ ಇರುವ ಸಂಕೇತಕ್ಕೆ, ಕಟ್ಟಲು ಎಲ್‌ಟಿಸಿ (ಧ್ವನಿಯ ಕೇಬಲ್‌ನಲ್ಲಿ ಹೋಗುವ ಟೈಮ್ ಕೋಡ್) ಒಳ್ಳೆಯದೋ, ಮಿಡಿ (ಸಂಗೀತ ಉಪಕರಣ, ಕಂಪ್ಯೂಟರ್‌ಗಳು ಸಂದೇಶ ಕಳಿಸುವ ಪದ್ಧತಿ) ಟೈಮ್ ಕೋಡೋ ಎಂದು ಕೇಳಿದ್ದೀರಿ. ಹಾಡುಗಳಿಗೆ ಪೇಟಿ (ಹಾರ್ಮೋನಿಯಂ), ತಬಲಾ ರಂಗದ ಪಕ್ಕದಲ್ಲೇ ನುಡಿಯುತ್ತವೆ ಎಂದೂ ಬರೆದಿದ್ದೀರಿ. ಹಾಗಿದ್ದರೆ ಎರಡೂ ಬೇಡ. ಧಾರವಾಡದ ನಮ್ಮ ತಂಡಕ್ಕೆ ನಾನೂ ಒಮ್ಮೆ ಲೈಟುಗಳನ್ನೆಲ್ಲ ಹೀಗೆ ಟೈಮ್ ಕೋಡ್‌ಗೆ ಕಟ್ಟಿಕೊಟ್ಟಿದ್ದೆ.

ಪರದೆ ಏಳುತ್ತಲೇ ಲ್ಯಾಪ್‌ಟಾಪಿನಲ್ಲಿ ಗಡಿಯಾರ ಶುರುವಾಗುತ್ತಿತ್ತು, ಲೈಟುಗಳನ್ನು ನಡೆಸುವ ಕನ್ಸೋಲ್ ಅದನ್ನು ನೋಡಿ ಒಂದೊಂದೇ ಕ್ಯೂ (ಮೊದಲೇ ಹೊಂದಿಸಿಟ್ಟ ಬೆಳಕಿನ ಬದಲಾವಣೆ) ಬಿಡುತ್ತಿತ್ತು. ತಾಲೀಮಿನಲ್ಲಿ ಯಾವುದೂ ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ. ಗದಗ ಕಡೆಯ ಜಾತ್ರೆಯೊಂದರಲ್ಲಿ ಪ್ರದರ್ಶನವಿತ್ತು. ನಾಯಕಿಯ ಮೊದಲ ಹಾಡು ಮುಗಿಯುತ್ತಿದ್ದಂತೆ ಜನ ‘ಒನ್ಸ್ ಮೋರ್’ ಎಂದು ಕೂಗಿದರು. ಕಂಪನಿ ನಾಟಕ ನೋಡಿ ಬೆಳೆದ ಊರುಗಳಲ್ಲಿ ಅದು ಪ್ರೇಕ್ಷಕರ ಹಕ್ಕು. ಪೇಟಿ ಮಾಸ್ತರರು ಸಂತೋಷದಿಂದ ಪಲ್ಲವಿಗೆ ಮರಳಿದರು. ಗಡಿಯಾರ ಮರಳಲಿಲ್ಲ. ಅರಮನೆಯ ಬೆಳಕು ಹೋಗಿ ಕಾಡಿನ ನೀಲಿ ಬಂತು, ಆಮೇಲೆ ಪೂರ್ತಿ ಕತ್ತಲೆ. ಆಕೆ ಕತ್ತಲೆಯಲ್ಲೇ ಹಾಡಿದಳು.

ನಾನು ಲ್ಯಾಪ್‌ಟಾಪ್ ನಿಲ್ಲಿಸಿದೆ. ಆದರೆ ಸಂಕೇತ ನಡುವೆ ಕಡಿದರೂ ಪ್ರದರ್ಶನ ನಿಲ್ಲಬಾರದೆಂದು, ಸ್ವಲ್ಪ ಹೊತ್ತು ತನ್ನ ಲೆಕ್ಕದಲ್ಲೇ ಓಡುವಂತೆ ಕನ್ಸೋಲನ್ನು ನಾನೇ ಹೊಂದಿಸಿದ್ದೆ. ಅದು ಓಡಿತು, ಇನ್ನೊಂದು ಕ್ಯೂ ಬಿತ್ತು. ಸಮಯವನ್ನು ಹಿಂದಕ್ಕೆ ಎಳೆದೆ. ನಡುವಿನ ಕ್ಯೂಗಳು ಹಿಮ್ಮುಖವಾಗಿ ಬಿಚ್ಚಿಕೊಳ್ಳಲಿಲ್ಲ. ಆ ಸಂಘಟಕರು ನಮ್ಮನ್ನು ಮತ್ತೆ ಕರೆಯಲಿಲ್ಲ.

ತಪ್ಪು ಕೇಬಲ್‌ನದಲ್ಲ, ಫ್ರೇಮ್ ದರದ್ದೂ (ಟೈಮ್ ಕೋಡ್ ಒಂದು ಸೆಕೆಂಡನ್ನು ಎಷ್ಟು ಫ್ರೇಮ್, ಅಂದರೆ ತುಂಡು, ಮಾಡುತ್ತದೆ ಎಂಬುದು) ಅಲ್ಲ. ಮಿಡಿ ಟೈಮ್ ಕೋಡ್ ಒಂದು ಪೂರ್ತಿ ಸಮಯವನ್ನು ಎಂಟು ತುಣುಕು ಮಾಡಿ ಎರಡು ಫ್ರೇಮ್‌ಗಳ ಅವಧಿಯಲ್ಲಿ ಕಳಿಸುತ್ತದೆ. ಅಷ್ಟು ಚುರುಕಾಗಿದ್ದರೂ ಅದು ಹೇಳುವುದು ಸಮಯ ಎಷ್ಟಾಯಿತು ಎಂಬುದನ್ನು ಮಾತ್ರ. ಎಲ್‌ಟಿಸಿ ಅದೇ ಮಾತನ್ನು ಧ್ವನಿಯ ರೂಪದಲ್ಲಿ ಹೇಳುತ್ತದೆ. ಹಾಡು ಎಲ್ಲಿದೆ ಎಂಬುದು ಎರಡಕ್ಕೂ ತಿಳಿಯದು. ಹಾಡು ಎಷ್ಟು ಹೊತ್ತು ನಡೆಯಬೇಕೆಂದು ಜನ ತೀರ್ಮಾನಿಸುವ ಕಡೆ ನಾನು ಆ ಅಧಿಕಾರವನ್ನು ಗಡಿಯಾರಕ್ಕೆ ಕೊಟ್ಟಿದ್ದೆ. ತಾಲೀಮಿನಲ್ಲಿ ಇದು ಕಾಣುವುದೇ ಇಲ್ಲ, ಏಕೆಂದರೆ ಅಲ್ಲಿ ಒನ್ಸ್ ಮೋರ್ ಕೂಗುವವರು ಇರುವುದಿಲ್ಲ.

ಈಗ ನಾನು ಮಾಡುವುದು ಇಷ್ಟು: ಮಾತು ಮತ್ತು ಪೇಟಿಯ ಹಾಡುಗಳಿಗೆ ನಾಟಕ ಬಲ್ಲ ಒಬ್ಬರು ರಂಗ ನೋಡುತ್ತಾ ‘ಗೋ’ ಒತ್ತುತ್ತಾರೆ. ಗುಡುಗಿನ ಸದ್ದಿಗೆ ಮಿಂಚು ಕೂಡಬೇಕಾದಲ್ಲಿ ಮಿಡಿ ಶೋ ಕಂಟ್ರೋಲ್ ಸಾಕು. 1991ರಿಂದ ಇರುವ ಆ ಪದ್ಧತಿಯಲ್ಲಿ ಸದ್ದಿನ ಕ್ಯೂ ಹೊರಟ ಕ್ಷಣವೇ ‘ಇಂಥ ಕ್ಯೂಗೆ ಗೋ’ ಎಂಬ ಆದೇಶ ಕನ್ಸೋಲ್‌ಗೆ ಹೋಗುತ್ತದೆ. ಲ್ಯಾಪ್‌ಟಾಪ್, ಕನ್ಸೋಲ್ ಎರಡೂ ಕಡೆ ಡಿವೈಸ್ ಐಡಿ (ಆದೇಶ ಯಾವ ಯಂತ್ರಕ್ಕೆ ಎಂದು ತಿಳಿಸುವ ಸಂಖ್ಯೆ) ಒಂದೇ ಇರಲಿ.

ಟೈಮ್ ಕೋಡ್ ಬೇಕಾಗುವುದು ಧ್ವನಿಮುದ್ರಿತ ಸಂಗೀತದ ನೃತ್ಯಕ್ಕೆ ಮಾತ್ರ. ಒಂದೊಂದು ನೃತ್ಯಕ್ಕೂ ಬೇರೆ ಗಂಟೆ ಕೊಡಿ: ಮೊದಲನೆಯದು 01:00:00:00ರಿಂದ (ಗಂಟೆ, ನಿಮಿಷ, ಸೆಕೆಂಡು, ಫ್ರೇಮ್), ಎರಡನೆಯದು 02:00:00:00ರಿಂದ. ಹಾಗೆ ಮಾಡಿದರೆ ಒಂದನ್ನು ಮತ್ತೆ ಆಡಿಸಿದರೂ ಇನ್ನೊಂದರ ಕ್ಯೂ ಬೀಳುವುದಿಲ್ಲ. ಫ್ರೇಮ್ ದರ ಎರಡೂ ಕಡೆ 25 ಇಡಿ. ಒಂದೆಡೆ 30, ಇನ್ನೊಂದೆಡೆ 29.97 ಆದರೆ ಗಂಟೆಗೆ ಸುಮಾರು 3.6 ಸೆಕೆಂಡು ಸರಿಯುತ್ತದೆ.

ಮಿಡಿ ಕೇಬಲ್ 15 ಮೀಟರ್ ದಾಟಬಾರದು. ಆದ್ದರಿಂದ ಲ್ಯಾಪ್‌ಟಾಪನ್ನು ಕನ್ಸೋಲ್ ಪಕ್ಕದಲ್ಲೇ ಇಟ್ಟು, ಉದ್ದದ ಕೇಬಲ್ಲನ್ನು ಆಡಿಯೊಗೆ ಎಳೆಯಿರಿ.