ಮನೆಯಲ್ಲೇ ಹೊಲಿದ ಹೀರುವ ಪ್ಯಾಡ್‌ಗೆ ಪೇಟೆಂಟ್ ಮಾಡಿಸಬೇಕೇ, ಐಡಿಯಾವನ್ನು ಕಂಪನಿಗೆ ಮಾರಬೇಕೇ?

ಎರಡೂ ಬೇಡ. ಮೊದಲು ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಕರಗಿಸಿ, ಅದನ್ನು ನಿಮ್ಮ ಪ್ಯಾಡ್ ಮೇಲೆ ಸುರಿದು ನೋಡಿ. ಆಮೇಲೆ ಮಾತಾಡೋಣ.

ಒರಟಾಗಿ ಹೇಳಿದೆ ಅನ್ನಿಸಿದರೆ ಬೇಜಾರಾಗಬೇಡಿ. ಹಾಸಿಗೆ ಹಿಡಿದಿರುವ ಅಜ್ಜಿಗೋಸ್ಕರ ಡೈಪರ್ ಒಳಗಿನ ಹರಳು ತೆಗೆದು, ವಾಸನೆಗೆ ಅಡುಗೆ ಸೋಡಾ ಸೇರಿಸಿ ಪ್ಯಾಡ್ ಹೊಲಿದಿದ್ದೀರಿ. "ಒಂದು ಜಗ್ ನೀರು ಹಾಕಿದರೂ ಹನಿ ಸೋರಲಿಲ್ಲ" ಎಂದು ಬರೆದಿದ್ದೀರಿ. ಆ ಸಾಲು ಓದಿ ನನಗೆ ಹೊಟ್ಟೆಯಲ್ಲಿ ಏನೋ ಹಿಂಡಿದಂತಾಯಿತು. ಏಳು ವರ್ಷದ ಹಿಂದೆ ಹೆಚ್ಚುಕಡಿಮೆ ಇದೇ ಸಾಲನ್ನು ನಾನೂ ಒಂದು ನೋಟ್‌ಬುಕ್‌ನಲ್ಲಿ ಬರೆದಿದ್ದೆ. ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೆ.

ನಮ್ಮ ಅಪ್ಪನಿಗೆ ಸೊಂಟದ ಮೂಳೆ ಮುರಿದು ಮಲಗಿದ್ದಲ್ಲೇ ಇದ್ದರು. ರಾತ್ರಿ ಡೈಪರ್ ಹಾಕುತ್ತಿದ್ದೆವು. ಅದು ಬದಿಯಿಂದ ಸೋರುತ್ತಿತ್ತು. ದಿನಾ ಬೆಳಿಗ್ಗೆ ಹಾಸಿಗೆ ಬಟ್ಟೆ ಒಗೆಯುವುದು, ಕೋಣೆಗೆ ಕಾಲಿಟ್ಟರೆ ಮೂಗಿಗೆ ಹೊಡೆಯುವ ಆ ವಾಸನೆ. ಒಂದು ದಿನ ಸಿಟ್ಟಿನಲ್ಲಿ ಒಂದು ಹೊಸ ಡೈಪರ್ ಕತ್ತರಿಸಿ ಪೇಪರ್ ಮೇಲೆ ಕೊಡವಿದೆ. ಹತ್ತಿಯಂಥ ಮೆತ್ತನೆ ನಾರು ಒಂದು ಕಡೆ ಉಳಿಯಿತು, ಸಕ್ಕರೆಯಂಥ ಬಿಳಿ ಹರಳು ಕೆಳಗೆ ಉದುರಿತು. ಒಂದು ಚಮಚ ಹರಳಿಗೆ ಲೋಟದಲ್ಲಿ ನಲ್ಲಿ ನೀರು ಹಾಕಿದೆ. ಕಣ್ಣೆದುರೇ ಉಬ್ಬಿ ಉಬ್ಬಿ ಲೋಟ ತುಂಬಿತು. ಲೋಟ ಬೋರಲು ಹಾಕಿದರೂ ಬೀಳಲಿಲ್ಲ. ಇಂಥದ್ದನ್ನು ನೋಡಿದವನಿಗೆ ತಲೆ ನಿಲ್ಲುವುದಿಲ್ಲ, ನಿಮಗೂ ಗೊತ್ತಲ್ಲ.

ಅಡುಗೆಮನೆಯ ಸಣ್ಣ ತಕ್ಕಡಿ ತಂದು ತೂಗಿದೆ. 1 ಗ್ರಾಂ ಹರಳು ಸುಮಾರು 200 ಗ್ರಾಂ ನೀರು ಕುಡಿಯಿತು. ಲೆಕ್ಕ ಸುಲಭ ಅಲ್ವಾ? ಒಂದು ಪ್ಯಾಡ್‌ಗೆ 10 ಗ್ರಾಂ ಹಾಕಿದರೆ ಎರಡು ಲೀಟರ್. ಅಪ್ಪ ಇಡೀ ರಾತ್ರಿಗೆ ಒಂದು ಲೀಟರ್ ಕೂಡ ಮಾಡುತ್ತಿರಲಿಲ್ಲ. ಹಾಗಾಗಿ ಧಾರಾಳವಾಗಿದೆ ಅಂದುಕೊಂಡೆ. ನಾರು ಸುಮ್ನೆ ದಪ್ಪ ಮಾಡುತ್ತದೆ ಎಂದು ಅದನ್ನೂ ಅರ್ಧಕ್ಕೆ ಇಳಿಸಿದೆ. ಮಧ್ಯೆ ಒಂದು ಪದರ ಅಡುಗೆ ಸೋಡಾ.

ಇಲ್ಲಿದೆ ನನ್ನ ತಪ್ಪು. ಉದ್ದ ಹೇಳುತ್ತೇನೆ, ತಾಳ್ಮೆಯಿಂದ ಓದಿ. ನಾನು ನೀರಿನಲ್ಲಿ ಪರೀಕ್ಷೆ ಮಾಡಿದೆ. ಮೂತ್ರ ಬರೀ ನೀರಲ್ಲ, ಅದರಲ್ಲಿ ಉಪ್ಪಿದೆ.

ಆ ಹರಳಿನ ಹೆಸರು ಸೋಡಿಯಂ ಪಾಲಿಅಕ್ರಿಲೇಟ್. ಒಳಗೆ ಉದ್ದುದ್ದ ಸರಪಳಿಗಳಿವೆ, ಅಲ್ಲಲ್ಲಿ ಒಂದಕ್ಕೊಂದು ಗಂಟು ಹಾಕಿಕೊಂಡಿವೆ. ಸರಪಳಿಯ ಉದ್ದಕ್ಕೂ ಋಣ ವಿದ್ಯುದಂಶ, ಅದಕ್ಕೆ ಜೋಡಿಯಾಗಿ ಸೋಡಿಯಂ. ಬರೀ ನೀರು ತಾಗಿದಾಗ ಹರಳಿನ ಒಳಗೆ ಸೋಡಿಯಂ ಕಿಕ್ಕಿರಿದಿರುತ್ತದೆ, ಹೊರಗೆ ಹೆಚ್ಚುಕಡಿಮೆ ಏನೂ ಇರುವುದಿಲ್ಲ. ಆ ವ್ಯತ್ಯಾಸವೇ ನೀರನ್ನು ಒಳಗೆ ಎಳೆಯುವುದು. ಒಂದೇ ಜಾತಿಯ ವಿದ್ಯುದಂಶ ಇರುವ ಸರಪಳಿಗಳು ಪರಸ್ಪರ ತಳ್ಳಾಡುತ್ತವೆ, ಗಂಟುಗಳು ಎಷ್ಟು ಹಿಗ್ಗಲು ಬಿಡುತ್ತವೋ ಅಷ್ಟೂ ಹರಳು ಊದುತ್ತದೆ. ಆದರೆ ಬರುವ ನೀರಿನಲ್ಲೇ ಉಪ್ಪಿದ್ದರೆ? ಒಳಗೂ ಸೋಡಿಯಂ, ಹೊರಗೂ ಸೋಡಿಯಂ. ಎಳೆಯುವ ಬಲವೇ ಕಮ್ಮಿ. ಸರಪಳಿಗಳ ತಳ್ಳಾಟವನ್ನೂ ಉಪ್ಪು ತಣ್ಣಗೆ ಮಾಡುತ್ತದೆ. ಭಟ್ಟಿ ಇಳಿಸಿದ ನೀರನ್ನು ತನ್ನ ತೂಕದ ಕೆಲವು ನೂರು ಪಟ್ಟು ಹಿಡಿಯುವ ಇದೇ ಹರಳು, ಶೇ. 0.9ರ ಉಪ್ಪುನೀರನ್ನು (ಮೊದಲು ಹೇಳಿದ ಲೀಟರ್‌ಗೆ 9 ಗ್ರಾಂ ಅದೇ) ಹಿಡಿದಿಟ್ಟುಕೊಳ್ಳುವುದು 30ರಿಂದ 50 ಪಟ್ಟು ಅಷ್ಟೇ. ಮೇಲೆ ಭಾರ ಬಿದ್ದರೆ 20-25ಕ್ಕೆ ಇಳಿಯುತ್ತದೆ. ಮಲಗಿದ ಮನುಷ್ಯ ಭಾರವೇ ತಾನೇ?

ಈಗ ನನ್ನ 10 ಗ್ರಾಂ ಲೆಕ್ಕ ಮತ್ತೆ ಹಾಕಿ. ಎರಡು ಲೀಟರ್ ಅಂದುಕೊಂಡದ್ದು ನಿಜದಲ್ಲಿ ಹೆಚ್ಚೆಂದರೆ ಕಾಲು ಲೀಟರ್. ದೊಡ್ಡವರು ಒಂದೇ ಸಲಕ್ಕೆ 300 ಮಿಲಿ ಮಾಡಬಹುದು. ಅಂದರೆ ಮೊದಲ ಸಲವೇ ತುಂಬಿ ತುಳುಕಬೇಕು.

ನನಗೆ ಇವತ್ತಿಗೂ ಚುಚ್ಚುವುದು ಏನು ಗೊತ್ತಾ? ಸುಳಿವು ನನ್ನ ಕೈಯಲ್ಲೇ ಇತ್ತು. ಅದಕ್ಕೆ ಒಂದು ತಿಂಗಳು ಮೊದಲು ಹಾಸಿಗೆ ಬಟ್ಟೆಯ ಜೊತೆ ಒಂದು ಡೈಪರ್ ವಾಷಿಂಗ್ ಮೆಷಿನ್‌ಗೆ ಹೋಗಿ ಸಿಡಿದಿತ್ತು. ಡ್ರಮ್ ತುಂಬ ಲೋಳೆ. ನೀರು ಹಾಕಿದಷ್ಟೂ ಜಾಸ್ತಿ. ಅಕ್ಕ ಬಂದು ಒಂದು ಹಿಡಿ ಕಲ್ಲುಪ್ಪು ಎರಚಿದಳು. ಲೋಳೆ ನೀರು ಬಿಟ್ಟು ಕುಗ್ಗಿತು, ಬಾಚಿ ತೆಗೆದೆವು. "ಉಪ್ಪು ಕಂಡರೆ ಇದಕ್ಕೆ ಆಗಲ್ಲ ನೋಡು" ಅಂದಿದ್ದಳು. ನಾನು ಹೂಂ ಅಂದು ಬಟ್ಟೆ ಒಣಗಿಸಲು ಹೋಗಿದ್ದೆ. ಅಷ್ಟೇ.

ಇನ್ನೂ ಒಂದು ಮೋಸ ನನಗೆ ನಾನೇ ಮಾಡಿಕೊಂಡೆ. ಅಪ್ಪನ ಕೆಳಗೆ ಎರಡು ವಾರ ಇಟ್ಟು ನೋಡಿದ್ದೆ, ಚೆನ್ನಾಗಿತ್ತು. ಆದರೆ ಅಪ್ಪ ಡೈಪರ್ ಹಾಕಿಕೊಂಡೇ ಇದ್ದರು! ನನ್ನ ಪ್ಯಾಡ್‌ಗೆ ಬರುತ್ತಿದ್ದದ್ದು ಬದಿಯಿಂದ ಸೋರಿದ ನಾಲ್ಕು ಹನಿ. ಅದನ್ನು ಯಶಸ್ಸು ಎಂದು ಬರೆದುಕೊಂಡೆ. ಪೇಟೆಂಟ್ ಏಜೆಂಟ್‌ಗೆ ಶುಲ್ಕ ಕಟ್ಟಿದೆ. 600 ಪ್ಯಾಡ್ ಹೊಲಿಸಿದೆ. ಎರಡು ವರ್ಷದ ಉಳಿತಾಯ ಹೋಯಿತು.

600 ಪ್ಯಾಡ್ ಮನೆಗೆ ಬಂದ ರಾತ್ರಿ ಜಂಬದಿಂದ ಡೈಪರ್ ಬೇಡ ಎಂದು ಬರೀ ನನ್ನ ಪ್ಯಾಡ್ ಹಾಸಿದೆ. ಬೆಳಿಗ್ಗೆ ಹೋಗಿ ನೋಡಿದರೆ ಅಪ್ಪ ಎಚ್ಚರವಾಗಿ ಸೂರು ನೋಡುತ್ತಾ ಮಲಗಿದ್ದಾರೆ. ಬೆನ್ನಿನಿಂದ ಮೊಣಕಾಲಿನವರೆಗೆ ಒದ್ದೆ, ತಣ್ಣಗೆ. "ಯಾಕಪ್ಪಾ ಕರೀಲಿಲ್ಲ?" ಅಂದೆ. "ನೀನು ಅಷ್ಟು ಕಷ್ಟಪಟ್ಟು ಮಾಡಿದ್ದೀಯಲ್ಲ, ಸ್ವಲ್ಪ ಹೊತ್ತಿಗೆ ಎಳೆದುಕೊಳ್ಳತ್ತೇನೋ ಅಂತ ಕಾದೆ" ಅಂದರು.

ಮೂರು ವಾರ ಬೇಕಾಯಿತು ಆ ಚರ್ಮ ಸರಿಯಾಗಲು. ನೋಡಲು ಬಂದ ನರ್ಸ್ ಪ್ಯಾಡ್ ತಿರುವಿ ಮುರುವಿ ನೋಡಿ, "ಏನು ಹಾಕಿ ಟೆಸ್ಟ್ ಮಾಡಿದ್ರಿ?" ಅಂದರು. ನೀರು ಅಂದೆ. ಅವರು ಏನೂ ಹೇಳಲಿಲ್ಲ. ಸುಮ್ನೆ ಪ್ಯಾಡ್ ಕೆಳಗಿಟ್ಟರು.

ವಾಸನೆಯ ವಿಷಯಕ್ಕೆ ಬರುತ್ತೇನೆ, ನಿಮ್ಮ ಸೋಡಾ ಐಡಿಯಾಕ್ಕೂ ಇದು ಸೇರಿದ್ದು. ಆಗಷ್ಟೇ ಬಂದ ಮೂತ್ರ ಅಷ್ಟು ನಾರುವುದಿಲ್ಲ. ಹೊತ್ತು ಕಳೆದಂತೆ ಬ್ಯಾಕ್ಟೀರಿಯಾಗಳಲ್ಲಿರುವ ಯೂರಿಯೇಸ್ ಎಂಬ ಕಿಣ್ವ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ. ಮೂಗಿಗೆ ಹೊಡೆಯುವುದು ಅದು. ಅಮೋನಿಯಾ ಕ್ಷಾರ. ಅಡುಗೆ ಸೋಡಾನೂ ಕ್ಷಾರದ ಕಡೆಯದೇ. ಹುಳಿ ವಾಸನೆಗೆ ಅದು ಸರಿ, ಅಮೋನಿಯಾಗೆ ಅದರಿಂದ ಏನೂ ಆಗುವುದಿಲ್ಲ. ಅಮೋನಿಯಾವನ್ನು ಕಟ್ಟಿಹಾಕಲು ಸಿಟ್ರಿಕ್ ಆಮ್ಲದಂಥ ಹುಳಿ ಪದಾರ್ಥ ಬೇಕು. ಮೇಲಾಗಿ ಸೋಡಾ ಕರಗಿದರೆ ಮತ್ತೆ ಸೋಡಿಯಂ. ಅಂದರೆ ಹರಳಿನ ಕುಡಿಯುವ ಶಕ್ತಿಯನ್ನು ಇನ್ನಷ್ಟು ಕೊಲ್ಲಲು ನಾವೇ ಕೈಯಾರೆ ಉಪ್ಪು ಸೇರಿಸಿದಂತೆ. ನೀವೂ ಅದನ್ನೇ ಮಾಡಿದ್ದೀರಿ, ನಾನೂ ಅದನ್ನೇ ಮಾಡಿದ್ದೆ. (ಇನ್ನೊಂದು ಮಾತು: ವಾಸನೆ ಹೋಗಲಿ ಎಂದು ಒದ್ದೆ ಹಾಸಿಗೆಗೆ ಬ್ಲೀಚ್ ಸುರಿಯಬೇಡಿ. ಅಮೋನಿಯಾ ಜೊತೆ ಸೇರಿ ಕ್ಲೋರಮೈನ್ ಅನಿಲ ಬರುತ್ತದೆ, ಎದೆ ಉರಿದುಹೋಗುತ್ತದೆ.)

ಹಾಗೆಯೇ ನಾರು ಸುಮ್ನೆ ಇರುವುದಲ್ಲ. ಹರಳು ನಿಧಾನ ಕುಡಿಯುತ್ತದೆ, ಮೂತ್ರ ರಭಸದಿಂದ ಬರುತ್ತದೆ. ಬಂದದ್ದನ್ನು ತಕ್ಷಣ ಹಿಡಿದು ಅಗಲಕ್ಕೆ ಹರಡುವುದು ನಾರಿನ ಕೆಲಸ. ಅದನ್ನು ಕಮ್ಮಿ ಮಾಡಿದರೆ ಮೇಲಿನ ಹರಳುಗಳು ಮೊದಲು ಊದಿ ಒಂದಕ್ಕೊಂದು ಅಂಟಿ ದಾರಿ ಮುಚ್ಚುತ್ತವೆ. ಇದಕ್ಕೆ ಜೆಲ್ ಬ್ಲಾಕಿಂಗ್ ಅನ್ನುತ್ತಾರೆ. ಕೆಳಗೆ ಒಣ ಹರಳು ಇದ್ದ ಹಾಗೇ ಇರುತ್ತದೆ, ಮೇಲೆ ಕೆರೆ. ನನ್ನ ಪ್ಯಾಡ್ ಕತ್ತರಿಸಿ ನೋಡಿದಾಗ ಕೆಳಗಿನ ಪದರದಲ್ಲಿ ಹರಳು ಇನ್ನೂ ಗರಗರ ಅನ್ನುತ್ತಿತ್ತು.

ಹಾಗಾಗಿ ನೀವು ಮಾಡಬೇಕಾದದ್ದು ಇದು. ಉಪ್ಪುನೀರು ಮೈಬಿಸಿಗೆ ಕಾಯಿಸಿ, 300 ಮಿಲಿ ಒಂದೇ ಸಲ, ಇಪ್ಪತ್ತು ಸೆಕೆಂಡಿನೊಳಗೆ ಸುರಿಯಿರಿ. ಚಮಚದಲ್ಲಿ ಹನಿ ಹನಿ ಬೇಡ, ಅದು ನಮ್ಮ ಮನಸ್ಸಿಗೆ ಹಿತವಾಗಲು ಮಾಡುವ ನಾಟಕ. ಹತ್ತು ನಿಮಿಷ ಬಿಡಿ. ಆಮೇಲೆ ಒಣ ಟಿಶ್ಯೂ ಒಂದು ಕಟ್ಟು ತೂಗಿ ಪ್ಯಾಡ್ ಮೇಲಿಟ್ಟು, 10 ಸೆಂ.ಮೀ. ಉದ್ದಗಲದ ಜಾಗಕ್ಕೆ 5 ಕಿಲೋ ಭಾರ ಹೇರಿ. ಎರಡು ನಿಮಿಷ ಬಿಟ್ಟು ಟಿಶ್ಯೂ ಮತ್ತೆ ತೂಗಿ. ಜಾಸ್ತಿಯಾದ ತೂಕ ಎಷ್ಟೋ ಅಷ್ಟು ತೇವ ಅಜ್ಜಿಯ ಚರ್ಮಕ್ಕೆ ಹೋಗುತ್ತದೆ. ಅಂಗಡಿಯ ಪ್ಯಾಡ್‌ಗೂ ಇದನ್ನೇ ಮಾಡಿ, ಎರಡು ಸಂಖ್ಯೆ ಅಕ್ಕಪಕ್ಕ ಬರೆಯಿರಿ. ನಿಮ್ಮದು ಗೆದ್ದರೆ ನಾನೇ ಚಪ್ಪಾಳೆ ಹೊಡೆಯುತ್ತೇನೆ.

ಮೇರಿಯನ್ ಡೊನೊವನ್ ಹೆಸರು ತೆಗೆದಿದ್ದೀರಿ, "ಅವರು ಹತ್ತು ಲಕ್ಷ ಡಾಲರ್‌ಗೆ ಮಾರಿದರು" ಎಂದು. ಹೌದು, 1951ರಲ್ಲಿ ಮಾರಿದರು. ಆದರೆ ಅವರು ಸ್ನಾನದ ಮನೆಯ ಪರದೆ ಕತ್ತರಿಸಿ ಸೋರದ ಡೈಪರ್ ಕವರ್ ಹೊಲಿದದ್ದು 1946ರಲ್ಲಿ, ತಮ್ಮದೇ ಮಗುವಿಗೆ. ತಯಾರಕರು ಬೇಡ ಅಂದರು. ತಾವೇ ಮಾಡಿಸಿ 1949ರಲ್ಲಿ ನ್ಯೂಯಾರ್ಕ್‌ನ ಸ್ಯಾಕ್ಸ್ ಫಿಫ್ತ್ ಅವೆನ್ಯೂ ಅಂಗಡಿಯಲ್ಲಿ ಮಾರಾಟಕ್ಕಿಟ್ಟರು. ಅಂದರೆ ಕಂಪನಿ ದುಡ್ಡು ಕೊಟ್ಟಾಗ ಅಮ್ಮಂದಿರು ಆಗಲೇ ಕೊಳ್ಳುತ್ತಿದ್ದರು. ಬರೀ ಐಡಿಯಾಕ್ಕೆ ಯಾರೂ ದುಡ್ಡು ಕೊಡಲಿಲ್ಲ, ನಿಮಗೂ ಕೊಡುವುದಿಲ್ಲ. ಮನೆಯೊಳಗೆ ಬೆಕ್ಕು ಮಲಮೂತ್ರ ಮಾಡುವ ತಟ್ಟೆಗೆ ಬೂದಿಯ ಬದಲು ಜೇಡಿಮಣ್ಣಿನ ಕಾಳು ಕೊಟ್ಟ ಎಡ್ ಲೋ ಕಥೆಯೂ ಅದೇ. 1947ರಲ್ಲಿ ಪಕ್ಕದ ಮನೆಯಾಕೆಗೆ ಕೊಟ್ಟರು, ಆಕೆ ಮತ್ತೆ ಅದನ್ನೇ ಕೇಳಿದರು. ಅಲ್ಲಿಂದ ವ್ಯಾಪಾರ ಶುರು.

ಪೇಟೆಂಟ್ ಬಗ್ಗೆ ಚಿಕ್ಕದಾಗಿ. ಹಳೆಯ ಪೇಟೆಂಟ್‌ಗಳನ್ನು ಹುಡುಕುವ ತಾಣಗಳಾದ ಗೂಗಲ್ ಪೇಟೆಂಟ್ಸ್, ಎಸ್ಪಾಸ್‌ನೆಟ್ ಎರಡೂ ಉಚಿತ. ಪೇಟೆಂಟ್‌ಗಳನ್ನು ವಿಷಯವಾರು ವಿಂಗಡಿಸಿ ಸಂಕೇತ ಕೊಟ್ಟಿರುತ್ತಾರೆ: ಹೀರುವ ಪ್ಯಾಡ್‌ಗಳು ಎ61ಎಫ್ 13 (A61F 13) ವರ್ಗದಲ್ಲಿವೆ, ಅವುಗಳ ವಾಸನೆ ತಡೆಯುವ ಪದಾರ್ಥಗಳು ಎ61ಎಲ್ 15/46 (A61L 15/46) ವರ್ಗದಲ್ಲಿ. ಒಂದು ಸಂಜೆ ಕೂತು ಹುಡುಕಿ. ನನ್ನ ಏಜೆಂಟ್ ಹುಡುಕಿದಾಗ ಪ್ಯಾಡ್‌ನಲ್ಲಿ ಅಡುಗೆ ಸೋಡಾ ದಶಕಗಳ ಹಿಂದೆಯೇ ಬಂದುಹೋಗಿತ್ತು. ಆ ಸಂಜೆ ನಾನೇ ಕೂತಿದ್ದರೆ ಶುಲ್ಕ ಉಳಿಯುತ್ತಿತ್ತು. ನಿಜವಾಗಿಯೂ ಹೊಸದು ಏನಾದರೂ ಕೈಗೆ ಸಿಕ್ಕರೆ ಮಾತ್ರ, ಅರ್ಜಿ ಹಾಕುವ ಮುಂಚೆ ಅದರ ವಿವರವನ್ನು ಎಲ್ಲೂ ಬಹಿರಂಗ ಮಾಡಬೇಡಿ. ಬಹಳಷ್ಟು ದೇಶಗಳಲ್ಲಿ ಹಾಗೆ ಮಾಡಿದರೆ ಹೊಸತನ ಹೋಯಿತೆಂದೇ ಲೆಕ್ಕ. ಇಲ್ಲಿ ಪ್ರಶ್ನೆ ಜೊತೆ ಹಾಕಿರುವ ಫೋಟೋನೂ ಬಹಿರಂಗವೇ.

ಅಪ್ಪನಿಗೆ ಕೊನೆಗೆ ಉಪಯೋಗಕ್ಕೆ ಬಂದದ್ದು ಸರಿಯಾದ ಅಳತೆಯ ಅಂಗಡಿ ಡೈಪರ್ ಮತ್ತು ರಾತ್ರಿ ಎರಡು ಗಂಟೆಗೆ ಒಂದು ಅಲಾರಂ. ಎದ್ದು ಬದಲಾಯಿಸುತ್ತಿದ್ದೆ. ಬದಿಯಿಂದ ಸೋರುತ್ತಿದ್ದದ್ದು ಅಳತೆ ದೊಡ್ಡದಾಗಿದ್ದಕ್ಕಂತೆ, ನರ್ಸ್ ಒಂದೇ ನಿಮಿಷದಲ್ಲಿ ಹೇಳಿದರು. ನಿಮ್ಮ ಅಜ್ಜಿಯದ್ದೂ ಒಮ್ಮೆ ನೋಡಿ.

ನನ್ನ 600ರಲ್ಲಿ ಅರ್ಧದಷ್ಟು ಇನ್ನೂ ಅಟ್ಟದ ಮೇಲಿವೆ. ಜೋರು ಮಳೆ ಬಂದಾಗ ಸೋರುವ ಕಿಟಕಿಯ ಕೆಳಗೆ ಒಂದು ಹಾಸುತ್ತೇವೆ. ಮಳೆನೀರಲ್ಲಿ ಉಪ್ಪಿಲ್ಲವಲ್ಲ, ಅಲ್ಲಿ ಹನಿಯೂ ಆಚೆ ಬರುವುದಿಲ್ಲ.