ನಾಲ್ಕು ಬಾಟಲಿ ಎಣ್ಣೆ, ಒಂದು ಮರೆವಿನ ದೂರು

ದಸರಾ ರಜೆ ಮುಗಿದ ವಾರ. ಕಲಬುರಗಿಯಲ್ಲಿ ಮಕ್ಕಳನ್ನು ನೋಡುವ ನನ್ನ ಕೋಣೆಗೆ ಹುಡುಗನೊಬ್ಬನನ್ನು ಅವನ ಅಪ್ಪ, ಅವ್ವ, ಆಯಿ (ಅಜ್ಜಿ) ಮೂವರೂ ಸೇರಿ ಕರೆದುಕೊಂಡು ಬಂದರು. ಆರು ವರ್ಷ, ಒಂದನೇ ತರಗತಿ. ಅಪ್ಪನಿಗೆ ದಾಲ್ ಮಿಲ್‌ನಲ್ಲಿ ಕೆಲಸ. ಮನೆಯವರ ಗುರುತು ಸಿಗಬಾರದು ಅಂತ ಕೆಲವು ವಿವರಗಳನ್ನು ಬದಲಿಸಿದ್ದೇನೆ.

"ಮೇಡಂ, ಇವನಿಗಿ ಏನ್ ಹೇಳಿದ್ರೂ ತಲ್ಯಾಗ ನಿಲ್ಲಲ್ರಿ. ನೀರು ತಾ ಅಂದ್ರ ಒಳಗ ಹೋಗಿ ಸುಮ್ನೆ ನಿಂತಿರ್ತಾನ್ರಿ" ಎಂದರು ಅವ್ವ. ಶಾಲೆಯಲ್ಲೂ ಅದೇ ದೂರು. ಉಕ್ತಲೇಖನದಲ್ಲಿ ಅರ್ಧ ಬರೆದು ಪೆನ್ಸಿಲ್ ಕಚ್ಚುತ್ತಾ ಕೂತಿರುತ್ತಾನೆ.

ಅಪ್ಪ ಚೀಲದಿಂದ ನಾಲ್ಕು ಸಣ್ಣ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. ಗುಲಾಬಿ, ನೀಲಗಿರಿ, ನಿಂಬೆ, ಲವಂಗದ ಎಣ್ಣೆ. ವಾಸನೆ ತೋರಿಸಿದರೆ ಮಕ್ಕಳ ನೆನಪಿನ ಶಕ್ತಿ ಜಾಸ್ತಿ ಆಗುತ್ತದೆ ಅಂತ ಮೊಬೈಲಿನಲ್ಲಿ ನೋಡಿದ್ದರಂತೆ. ಒಂದು ತಿಂಗಳಿನಿಂದ ಬೆಳಿಗ್ಗೆ, ಸಂಜೆ ಹುಡುಗನನ್ನು ಕೂರಿಸಿ ಮೂಸಿಸುತ್ತಿದ್ದರು. ಹೆಸರು ತಪ್ಪಿದರೆ ಬೈಗುಳ. ಆ ಬಾಟಲಿ ಕಂಡ ಕೂಡಲೇ ಹುಡುಗ ಆಯಿಯ ಸೆರಗಿನ ಹಿಂದೆ ಸರಿದ. ಅದನ್ನು ನೋಡಿ ನನಗೆ ಸಂಕಟವಾಯಿತು. ಆದರೆ ಅಪ್ಪನನ್ನು ದೂರಲು ಮನಸ್ಸು ಬರಲಿಲ್ಲ. ಮಗ ಚೆನ್ನಾಗಿರಲಿ ಅಂತ ಸಂಬಳದಲ್ಲಿ ಉಳಿಸಿ ತಂದ ಬಾಟಲಿಗಳವು.

ಈ ನಾಲ್ಕು ವಾಸನೆ ಎಲ್ಲಿಂದ ಬಂದವು ಅಂತ ಅವರಿಗೆ ಹೇಳಿದೆ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಥಾಮಸ್ ಹುಮ್ಮೆಲ್ ಎಂಬ ವೈದ್ಯರು ಮತ್ತು ಜೊತೆಗಾರರು 2009ರಲ್ಲಿ ಪ್ರಕಟಿಸಿದ ವಿಧಾನ ಇದು. ದಿನಕ್ಕೆ 2 ಸಲ, 12 ವಾರ. ಅದು ಮೂಸುವ ಶಕ್ತಿ ಕಳೆದುಕೊಂಡವರಿಗೆ ಇದ್ದ ತರಬೇತಿ, ಮರೆವಿಗೆ ಅಲ್ಲ. ನೆನಪಿನ ಮಾತು ಆಮೇಲೆ ಬಂತು. 2020ರಲ್ಲಿ ಸ್ವೀಡನ್ನಿನ ಸಂಶೋಧಕರು ವಾಸನೆಗಳ ಜೋಡಿ ಹುಡುಕುವ ಆಟ ಆಡಿಸಿದರು. ಆಡಿದವರು ಚಿತ್ರಗಳ ಜೋಡಿ ಆಟದಲ್ಲೂ ಸ್ವಲ್ಪ ಮುಂದೆ ಬಂದರು. ಆದರೆ ಅವರೆಲ್ಲ ವಯಸ್ಕರು. ಸಣ್ಣ ಮಕ್ಕಳ ಪಾಠದ ಮರೆವು ಇದರಿಂದ ಹೋಗುತ್ತದೆ ಅಂತ ನಾನು ಯಾವ ಮನೆಗೂ ಭರವಸೆ ಕೊಡಲಾರೆ.

ಮಳೆ ಬಿದ್ದ ಎರೆಮಣ್ಣಿನ ವಾಸನೆ ಬಂದರೆ ನಮಗೆ ಊರು ನೆನಪಾಗುತ್ತದೆ, ಅಲ್ವಾ? ಮೂಗಿನ ಸುದ್ದಿ ಮಿದುಳಿನಲ್ಲಿ ನೆನಪು, ಭಾವನೆಯ ಭಾಗಗಳಿಗೆ ಬಹಳ ಹತ್ತಿರದ ದಾರಿಯಲ್ಲಿ ಹೋಗುತ್ತದೆ. ಆದರೆ ಅದು ಹಳೆಯ ನೆನಪು. ಈ ಹುಡುಗನಿಗೆ ಕಡಿಮೆ ಬಿದ್ದಂತೆ ಕಂಡದ್ದು ಬೇರೆಯದು. ಅಂಗಡಿಗೆ ಹೋಗುವಾಗ "ಸಕ್ಕರಿ, ಚಾಪುಡಿ, ಕಡ್ಡಿಪೆಟ್ಟಿಗಿ" ಅಂತ ಬಾಯಲ್ಲೇ ಹೇಳಿಕೊಳ್ಳುತ್ತಾ ಹೋಗುತ್ತೇವಲ್ಲ, ಆ ನೆನಪು. ಕೆಲಸ ಮುಗಿಯುವವರೆಗೆ ಮಾತ್ರ ಹಿಡಿದಿಡುವ ನೆನಪು. ಇದಕ್ಕೆ ವರ್ಕಿಂಗ್ ಮೆಮೊರಿ ಎನ್ನುತ್ತಾರೆ. ದೊಡ್ಡವರಿಗೇ ಅದು ಸಣ್ಣ ಚೀಲ. ಆರು ವರ್ಷದವರಿಗೆ ಇನ್ನೂ ಸಣ್ಣದು.

ಅದನ್ನು ನೋಡಲು ಅಂಕಿಗಳ ಆಟ ಆಡಿದೆವು. ನಾನು ಹೇಳಿದ್ದನ್ನು ಅವನು ಹಾಗೇ ತಿರುಗಿ ಹೇಳಬೇಕು. ಎದುರು ಕೂತು ಹೇಳಿದಾಗ 4 ಅಂಕಿ ಸರಿಯಾಗಿ ಹೇಳಿದ. ಈ ವಯಸ್ಸಿಗೆ ಅಷ್ಟು ಸಾಕು. ಮಧ್ಯೆ ಕಿಟಕಿ ಮುಚ್ಚಲು ಎದ್ದು, ಅವನ ಬೆನ್ನ ಹಿಂದಿನಿಂದಲೇ ಮುಂದಿನ ಸಾಲು ಹೇಳಿದೆ. 2ರಲ್ಲಿ ನಿಂತ. ಮತ್ತೆ ಎದುರು ಬಂದೆ. 4. ಹುಡುಗ ನನ್ನ ತುಟಿ ನೋಡುತ್ತಿದ್ದ.

ಆಗ ಬೇರೆ ಪ್ರಶ್ನೆ ಶುರು ಮಾಡಿದೆ. ರಾತ್ರಿ ಬಾಯಿ ತೆರೆದು ಮಲಗುತ್ತಾನಾ? ಗೊರಕೆ ಇದೆಯಾ? ಪದೇ ಪದೇ ನೆಗಡಿ? "ನೆಗಡಿ ಯಾವಾಗ್ಲೂ ಇರ್ತದ್ರಿ. ಟಿವಿ ಅಂತೂ ಜೋರು ಇಡ್ತಾನ" ಎಂದರು ಆಯಿ. ಬಾಟಲಿಗಳ ಬಗ್ಗೆ ಹುಡುಗನನ್ನೇ ಕೇಳಿದೆ. "ಎಲ್ಲಾ ಒಂದೇ ಥರ ಅವ" ಎಂದ. ಮೂಗು ಕಟ್ಟಿದವನಿಗೆ ಒಂದು ತಿಂಗಳು ವಾಸನೆಯ ಪರೀಕ್ಷೆ ನಡೆದಿತ್ತು.

ಕಿವಿ, ಮೂಗು, ಗಂಟಲಿನ ಡಾಕ್ಟರ ಹತ್ತಿರ ಕಳಿಸಿದೆ. ಮೂಗಿನ ಹಿಂದಿನ ಅಡಿನಾಯ್ಡ್ ಎಂಬ ಮೃದು ಅಂಗಾಂಶ ದಪ್ಪವಾಗಿತ್ತು, ಎರಡೂ ಕಿವಿಯ ತಮಟೆಯ ಹಿಂದೆ ನೀರು ನಿಂತಿತ್ತು. ಸಣ್ಣ ಮಕ್ಕಳಲ್ಲಿ ಇದು ಅಪರೂಪವಲ್ಲ. ಇದರಲ್ಲಿ ಕೇಳಿಸುವುದು ದಿನಕ್ಕೊಂದು ಥರ ಇರುತ್ತದೆ. ಅದಕ್ಕೇ ಮನೆಯವರು "ಬೇಕಾದಾಗ ಕೇಳ್ತದ, ಬ್ಯಾಡಾದಾಗ ಇಲ್ಲ" ಎಂದುಕೊಂಡಿದ್ದರು. ಚಿಕಿತ್ಸೆ ಡಾಕ್ಟರು ನೋಡಿಕೊಂಡರು.

ನಾನು ಕೊಟ್ಟ ಸಲಹೆ ಇಷ್ಟು. ಎಣ್ಣೆಯ ಬಾಟಲಿಗಳನ್ನು ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ. ನೀಲಗಿರಿ ಎಣ್ಣೆ, ಕರ್ಪೂರ ಸ್ವಲ್ಪ ಹೊಟ್ಟೆಗೆ ಹೋದರೂ ಮಕ್ಕಳಿಗೆ ಫಿಟ್ಸ್ ಬರಬಹುದು. ಹೇಳುವ ಮೊದಲು ಹೆಸರು ಕರೆದು, ಮುಖ ನೋಡಿ ಹೇಳಿ. ಒಂದು ಸಲಕ್ಕೆ ಒಂದೇ ಕೆಲಸ. ಏನು ಹೇಳಿದೆ ಅಂತ ಅವನ ಬಾಯಿಂದಲೇ ಕೇಳಿ. ಟೀಚರಿಗೆ ಒಂದು ಚೀಟಿ ಬರೆದೆ: ಮುಂದಿನ ಬೆಂಚು, ಉಕ್ತಲೇಖನದಲ್ಲಿ ಎರಡೆರಡು ಪದ. ಮರೆತಿದ್ದಕ್ಕೆ ಶಿಕ್ಷೆ ಬೇಡ ಅಂತ ಕೈಮುಗಿದು ಕೇಳಿಕೊಂಡೆ.

ವಾಸನೆಯನ್ನು ಪೂರ್ತಿ ಬಿಡಿ ಅಂತ ನಾನು ಹೇಳಲಿಲ್ಲ. ಮೂಗು ಬಿಟ್ಟ ಮೇಲೆ ಆಯಿಯ ಮಸಾಲೆ ಡಬ್ಬಿಯಿಂದ ಆಟ ಮಾಡಿಕೊಟ್ಟೆವು. ಅಜವಾನ, ಜೀರಿಗೆ, ಯಾಲಕ್ಕಿ, ಮೆಂತ್ಯೆ. ಒಂದೊಂದರ ಎರಡೆರಡು ಗಂಟು, ತೆಳು ಬಟ್ಟೆಯಲ್ಲಿ ಗಟ್ಟಿಯಾಗಿ ಕಟ್ಟಿದ್ದು. ಬಿಡಿ ಕಾಳು ಕೊಟ್ಟರೆ ಮಕ್ಕಳು ಮೂಗಿಗೇ ಹಾಕಿಕೊಳ್ಳುತ್ತಾರೆ. ಖಾರದಪುಡಿ, ಮೆಣಸು ಬೇಡವೇ ಬೇಡ. ಎಂಟು ಬಟ್ಟಲು ಬೋರಲು ಹಾಕಿ ಕೆಳಗೆ ಒಂದೊಂದು ಗಂಟು. ಎರಡು ಬಟ್ಟಲು ಎತ್ತಿ ಮೂಸಬೇಕು, ಜೋಡಿಯಾದರೆ ತನ್ನದು, ಇಲ್ಲದಿದ್ದರೆ ಮುಚ್ಚಿ ಜಾಗ ನೆನಪಿಡಬೇಕು. ಹತ್ತು ನಿಮಿಷ ಸಾಕು, ಬೇಸರ ಬಂದರೆ ಅಲ್ಲಿಗೇ ಬಿಡಬೇಕು. ಇದು ಔಷಧಿ ಅಂತ ಕೊಟ್ಟದ್ದಲ್ಲ. ಬೈಗುಳ ಅಂಟಿದ್ದ ಜಾಗದಲ್ಲಿ ಆಯಿಯ ಜೊತೆ ಕೂರುವ ಹೊತ್ತು ಬರಲಿ ಅಂತ ಕೊಟ್ಟದ್ದು.

ಶರಣಬಸವೇಶ್ವರರ ಜಾತ್ರೆ ಮುಗಿದ ಮೇಲೆ ಮತ್ತೆ ಬಂದರು. ಬೆನ್ನ ಹಿಂದೆ ನಿಂತು ಹೇಳಿದರೂ ಈಗ 4 ಅಂಕಿ. ಕೊನೆಯ ಅಂಕಿಯಿಂದ ಮೊದಲಿಗೆ ತಿರುಗಿಸಿ ಹೇಳು ಎಂದರೆ ಇನ್ನೂ 2ಕ್ಕೇ ನಿಲ್ಲುತ್ತಾನೆ. ಬೇಸಿಗೆ ರಜೆ ಕಳೆದ ಮೇಲೆ ಅದನ್ನು ಮತ್ತೆ ನೋಡುತ್ತೇನೆ. ಬಟ್ಟಲಿನ ಆಟದಲ್ಲಿ ಯಾರು ಗೆಲ್ಲುತ್ತಾರೆ ಅಂತ ಕೇಳಿದೆ. "ಆಯಿಗಿ ಜೀರಗಿ, ಅಜವಾನ ಗೊತ್ತಾಗಲ್ರಿ" ಎಂದ. ಮುಂದಿನ ಸಲ ಆಯಿಯ ಮೂಗನ್ನೂ ಡಾಕ್ಟರಿಗೆ ತೋರಿಸಿ ಅಂತ ಚೀಟಿಯಲ್ಲಿ ಬರೆದುಕೊಟ್ಟೆ.